ಒಂದೇ ಬಸ್ಸಿನಲ್ಲಿ ಕಳೆದ ಪತ್ರಗಳು

ಲಕೋಟೆಯನ್ನು ಸಾಲದ ಕಂಪನಿಯ ಆಫೀಸಿನಲ್ಲೇ ಬಿಚ್ಚಿ ನೋಡೋಣ ಎಂದು ಅತೀಯಾ ಎರಡು ಸಲ ಹೇಳಿದಳು. ಮೊದಲ ಸಲ ಮೆಲ್ಲಗೆ, ಮಾವನ ಕಿವಿಯ ಹತ್ತಿರ. ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ, ಮೇಜಿನ ಆಚೆ ಕೂತಿದ್ದ ಪದ್ಮಶ್ರೀ ಮೇಡಂಗೂ ಕೇಳಿಸುವ ಹಾಗೆ.

"ಇಲ್ಲಿ ಬೇಡ ಬೇಟಾ," ಎಂದರು ನಜೀರ್ ಸಾಬರು. "ಹದಿನೈದು ವರ್ಷ ಅಡವು ಬಿದ್ದಿದ್ದ ಮನೆ. ಬಿಸ್ಮಿಲ್ಲಾ ಹೇಳಿ, ಮನೇಲಿ ಎಲ್ಲರ ಎದುರಿಗೆ ಬಿಚ್ಚೋಣ. ನಿಮ್ಮ ಅಮ್ಮಿ ಬೆಳಿಗ್ಗೆಯಿಂದ ಮಲೀದಾ ಕುಟ್ಟುತ್ತಾ ಕೂತಿದ್ದಾಳೆ."

"ಸೀಲ್ ಆಗಿ ಬಂದಿರೋದು ಅಂಕಲ್, ಏನೂ ಟೆನ್ಷನ್ ಬೇಡ," ಎಂದು ಪದ್ಮಶ್ರೀ ಒಂದು ಪಟ್ಟಿಯನ್ನು ಅವರ ಮುಂದೆ ಸರಿಸಿದಳು. ಹದಿನಾಲ್ಕು ದಾಖಲೆಗಳ ಹೆಸರು, ಪ್ರತಿಯೊಂದರ ಮುಂದೆ ಆಗಲೇ ಹಾಕಿಟ್ಟ ಟಿಕ್ ಗುರುತು. ಕೆಳಗೆ, 'ಎಲ್ಲವನ್ನೂ ಪರಿಶೀಲಿಸಿ ಪಡೆದುಕೊಂಡಿದ್ದೇನೆ' ಎಂಬ ಸಾಲು. ಯಶವಂತಪುರದಲ್ಲಿ ಮೂವತ್ತು ವರ್ಷ ಲಾರಿ ಬಸ್ಸುಗಳ ಸೀಟಿಗೆ ಕುಶನ್ ಹೊಲಿದು ಗಂಟುಗಟ್ಟಿದ ಬೆರಳುಗಳಿಂದ ನಜೀರ್ ಸಾಬರು ಸಹಿ ಹಾಕಿದರು. ಹಾಕಿ ಪೆನ್ನಿಗೆ ಮುಚ್ಚಳ ಮುಚ್ಚಿ, ಪದ್ಮಶ್ರೀಗೆ ಒಳ್ಳೆಯದಾಗಲಿ ಎಂದು ಹರಸಿದರು. ಅತೀಯಾ ಮತ್ತೆ ಬಾಯಿ ತೆರೆಯಲಿಲ್ಲ. ಸೊಸೆಯ ಮಾತು ಎರಡು ಸಲದವರೆಗೆ ಸಲಹೆ, ಮೂರನೇ ಸಲಕ್ಕೆ ಎದುರುತ್ತರ ಎಂದು ಆರು ವರ್ಷದ ಸಂಸಾರದಲ್ಲಿ ಅವಳು ಕಲಿತಿದ್ದಳು.

ಹೆಬ್ಬಾಳದ ಆ ಆಫೀಸಿನಿಂದ ಚಿಕ್ಕಬಾಣಾವರಕ್ಕೆ ಆಟೋದಲ್ಲಿ ಬರುವಾಗ ಮಾವ ಲಕೋಟೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ರೈಲ್ವೆ ಸ್ಟೇಷನ್ನಿನ ಹಿಂದಿನ ಮೂರನೇ ಅಡ್ಡರಸ್ತೆಯಲ್ಲಿ ಅವರದು ಎರಡಂತಸ್ತಿನ ಮನೆ. ಕೆಳಗೆ ನಜೀರ್ ಸಾಬರು, ಹೆಂಡತಿ ಸುಗ್ರಾ, ಮತ್ತು ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳು ಲುಬ್ನಾಳನ್ನು ಕರೆದುಕೊಂಡು ತವರಿಗೆ ಬಂದ ಅಫ್ರೀನ್. ಮೇಲೆ ಮಗ ಮುಬಶ್ಶಿರ್ ಮತ್ತು ಸೊಸೆ ಅತೀಯಾ. ಒಲೆ ಎರಡಿದ್ದರೂ ರಾತ್ರಿ ಊಟಕ್ಕೆ ಎಲ್ಲರಿಗೂ ಕೆಳಗೇ ದಸ್ತರ್‌ಖಾನ್ ಹಾಸಬೇಕೆಂಬುದು ಸುಗ್ರಾ ಮಾಡಿದ ಕಟ್ಟಳೆ. ಮುಂದಿನ ವರ್ಷ ಹಜ್‌ಗೆ ಹೊರಡುವ ಮುಂಚೆ ಮೇಲಿನ ಮನೆಯನ್ನು ಅಫ್ರೀನ್ ಹೆಸರಿಗೆ, ಕೆಳಗಿನದನ್ನು ಮುಬಶ್ಶಿರ್ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಎಂದು ಮಾವ ಎರಡು ವರ್ಷದಿಂದ ಹೇಳುತ್ತಿದ್ದರು. ಅದಕ್ಕೆ ಮೂಲ ಕ್ರಯಪತ್ರ ಬೇಕಿತ್ತು. ಸಾಲದ ಕೊನೆಯ ಕಂತು ಕಟ್ಟಿ ಎರಡು ತಿಂಗಳು ಅಲೆದ ಮೇಲೆ ಇವತ್ತು ಅದು ಕೈಗೆ ಬಂದಿತ್ತು.

ಟೀಪಾಯಿಯ ಮೇಲೆ ಬಿಳೀ ಬಟ್ಟೆ, ಅದರ ಮೇಲೆ ಲಕೋಟೆ, ಪಕ್ಕದಲ್ಲಿ ಚಪಾತಿ ಬೆಲ್ಲ ಕುಟ್ಟಿ ಮಾಡಿದ ಮಲೀದಾ ತುಂಬಿದ ತಟ್ಟೆ. ಫಾತಿಹಾ ಓದಿ ಮುಗಿಸಿ ಮಾವ ಅಂಗಡಿಯ ದೊಡ್ಡ ಕತ್ತರಿಯಿಂದಲೇ ಅಂಚು ಕತ್ತರಿಸಿದರು. ಕಾಗದಗಳನ್ನು ಸೊಸೆಯ ಕೈಗಿತ್ತರು.

"ಬಿ.ಕಾಂ. ಓದಿದವಳು ನೀನು. ಗಟ್ಟಿಯಾಗಿ ಓದು. ನಮ್ಮ ಮನೆ ಹೆಸರು ಎಲ್ಲರೂ ಕೇಳ್ಲಿ."

ಅತೀಯಾ ಓದಿದಳು. "ಬೆಂಗಳೂರು ಉತ್ತರ ತಾಲ್ಲೂಕು, ಸೋಲದೇವನಹಳ್ಳಿ ಗ್ರಾಮದಲ್ಲಿ ವಾಸವಾಗಿರುವ, ಮುನಿಕೃಷ್ಣಪ್ಪನವರ ಪತ್ನಿ ಶ್ರೀಮತಿ ಸುಬ್ಬಮ್ಮನವರಿಗೆ..."

ಅವಳು ನಿಲ್ಲಿಸಿ ಆ ಹೆಸರನ್ನು ಇನ್ನೊಮ್ಮೆ ನೋಡಿದಳು.

"ಯಾರು ಸುಬ್ಬಮ್ಮ?" ಎಂದಳು ಸುಗ್ರಾ.

ಅತೀಯಾ ಒಂದೊಂದೇ ಹಾಳೆ ತಿರುವಿದಳು. ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ನಕ್ಷೆ. ಎಲ್ಲದರ ಮೇಲೂ ಅದೇ ಹೆಸರು. ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಒಂದು ಸ್ಟೇಪಲ್ ಪಿನ್ನು ಮಲೀದಾದ ಮೇಲೆ ಬಿತ್ತು. ಹೊರಗಿನ ಚೀಟಿಯಲ್ಲಿ ಮಾತ್ರ ನಜೀರ್ ಅಹ್ಮದ್ ಎಂದು ಇತ್ತು.

"ಅಬ್ಬಾ," ಎಂದು ಮಾವನನ್ನು ಕರೆದಳು. "ಇದು ನಮ್ಮ ಮನೆದಲ್ಲ."

ಲುಬ್ನಾ ತಟ್ಟೆಗೆ ಕೈ ಹಾಕಿದಾಗ ಅಫ್ರೀನ್ ಪಟ್ಟನೆ ಅವಳ ಕೈಗೆ ಹೊಡೆದಳು.

ಮರುದಿನ ಅತೀಯಾ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದಳು. ಸೋಲದೇವನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ಅವಳು ಗುಮಾಸ್ತೆ. ಮಾವನ ಜೊತೆ ಮತ್ತೆ ಹೆಬ್ಬಾಳಕ್ಕೆ ಹೊರಡುವ ಮುಂಚೆ ಸುಬ್ಬಮ್ಮನ ಕಾಗದಗಳ ಫೋಟೋ ತೆಗೆದುಕೊಂಡು, ಮೂಲವನ್ನು ಅತ್ತೆಯ ಬೀರುವಿನಲ್ಲಿಟ್ಟು ಬೀಗ ಹಾಕಿಸಿದಳು. ಕೈಯಲ್ಲಿ ಏನೂ ಇಲ್ಲದೆ ಹೋಗುವುದು ಒಳ್ಳೆಯದು ಎಂದಷ್ಟೇ ಅನ್ನಿಸಿತ್ತು.

ಪದ್ಮಶ್ರೀ ಇವತ್ತು ನಗಲಿಲ್ಲ. ಫೋಟೋ ನೋಡಿದಳು, ಕಂಪ್ಯೂಟರ್ ನೋಡಿದಳು.

"ಅಂಕಲ್, ನೀವು ಹದಿನಾಲ್ಕೂ ಚೆಕ್ ಮಾಡಿ ತಗೊಂಡಿದೀನಿ ಅಂತ ಸೈನ್ ಮಾಡಿದೀರಲ್ಲ. ನಮ್ಮ ಕಡೆ ನಿಮ್ಮ ಫೈಲ್ ಕ್ಲೋಸ್ ಆಗಿದೆ."

"ಅಮ್ಮಾ, ಸೀಲ್ ಒಡೆಯದೆ ಹೇಗೆ ಚೆಕ್ ಮಾಡೋಕಾಗುತ್ತೆ?"

"ಒಡೆದು ನೋಡಬೇಡಿ ಅಂತ ನಾನು ಹೇಳ್ಲಿಲ್ವಲ್ಲ."

ಅದು ನಿಜವೇ ಆಗಿತ್ತು. ಮಾವನ ಮುಖದ ಬಣ್ಣ ಇಳಿದದ್ದನ್ನು ಅತೀಯಾ ಕಂಡಳು. "ಹಾಗಾದ್ರೆ ನಮ್ಮ ಪತ್ರ ಎಲ್ಲಿದೆ ಮೇಡಂ?" ಎಂದು ಕೇಳಿದಳು.

"ನಿಮ್ಮ ಲೋನ್ ಮೊದಲು ಬೇರೆ ಕಂಪನಿದು. ನಾಲ್ಕು ವರ್ಷದ ಹಿಂದೆ ನಾವು ತಗೊಂಡ್ವಿ. ಪೇಪರ್ಸ್ ಎಲ್ಲಾ ಗೋಡೌನಿಂದ ಗೋಡೌನಿಗೆ ಬಂದಿರುತ್ತೆ. ಹುಡುಕಿಸ್ತೀವಿ. ಆ ಇನ್ನೊಬ್ರ ಡಾಕ್ಯುಮೆಂಟ್ ಇದೆಯಲ್ಲ, ಅದನ್ನ ನಾಳೆನೇ ತಂದುಕೊಡಿ. ಬೇರೆ ಕಸ್ಟಮರ್‌ದು ಇಟ್ಕೊಳ್ಳೋ ಹಾಗಿಲ್ಲ."

"ನಮ್ಮದು ಯಾವಾಗ ಸಿಗುತ್ತೆ ಅಂತ ಬರೆದು ಕೊಡಿ, ತಂದುಕೊಡ್ತೀವಿ."

"ಹಾಗೆಲ್ಲ ಬರೆದು ಕೊಡೋಕೆ ಆಗಲ್ಲ ಮೇಡಂ."

ಆ ರಾತ್ರಿ ದಸ್ತರ್‌ಖಾನ್ ಮೇಲೆ ಅನ್ನ, ದಾಲ್ಚಾ ಇತ್ತು. ಮಾವ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಅಫ್ರೀನ್ ಮಗಳಿಗೆ ತಿನ್ನಿಸುತ್ತಲೇ, ತಲೆ ಎತ್ತದೆ ಕೇಳಿದಳು.

"ಭಾಯ್, ಹೋದ ವರ್ಷ ಅಂಗಡಿಗೆ ಹೊಸ ಮಷೀನ್ ತಗೊಂಡೆಯಲ್ಲ. ಯಾವುದರ ಮೇಲೆ ಸಾಲ ಕೊಟ್ರು?"

ಮುಬಶ್ಶಿರ್‌ನ ಕೈ ತಟ್ಟೆಯಲ್ಲೇ ನಿಂತಿತು. "ಏನು ಕೇಳ್ತಿದೀಯ ನೀನು?"

"ಸುಮ್ನೆ ಕೇಳಿದೆ."

"ಸುಮ್ನೆ ಅಲ್ಲ. ಮನೆ ಪತ್ರ ನಾನು ತಿಂದೆ ಅಂತ ತಾನೇ? ಬಾಯಿ ಬಿಟ್ಟು ಹೇಳು."

"ನಾನು ಹಾಗೆ ಹೇಳ್ಲಿಲ್ಲ. ಆದರೆ ಪತ್ರ ಸಿಗದಿದ್ರೆ ನಷ್ಟ ಯಾರಿಗೆ? ನಿನಗಲ್ಲ. ನೀನು ಮೇಲೆ ಇದ್ದೀಯ, ಇರ್ತೀಯ. ನನಗೂ ಮಗಳಿಗೂ ಅಮ್ಮಿಯ ಕೋಣೆಯ ಮೂಲೆ."

"ಯಾ ಅಲ್ಲಾಹ್! ಅನ್ನದ ಮುಂದೆ ಇದೆಂಥ ಮಾತು?" ಸುಗ್ರಾ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಇದಕ್ಕೆಲ್ಲ ಕಾರಣ ಈ ಮುದುಕ. ಬಿಚ್ಚಿ ನೋಡೋಣ ಅಂತ ಸೊಸೆ ಹೇಳಿದ್ಲಂತೆ. ಕೇಳಿದ್ರಾ?"

"ಮಲೀದಾ ಮಾಡಿದ್ದು ಯಾರು?" ಎಂದರು ಮಾವ.

"ಮಾಡು ಅಂದಿದ್ದು ಯಾರು?"

ನಗು ಬರಬೇಕಾದ ಜಾಗ. ಯಾರಿಗೂ ಬರಲಿಲ್ಲ. ಮುಬಶ್ಶಿರ್ ಎದ್ದು ಕೈ ತೊಳೆದು ಮೆಟ್ಟಿಲು ಹತ್ತಿದ. ಅತೀಯಾ ಕೂತಲ್ಲೇ ಕೂತಿದ್ದಳು. ನಾದಿನಿ ತನ್ನ ಹೆಸರನ್ನು ಎತ್ತಿರಲಿಲ್ಲ. ಆದರೆ 'ನೀನು ಮೇಲೆ ಇದ್ದೀಯ' ಎಂಬ ಮಾತಿನಲ್ಲಿ ತಾನೂ ಇದ್ದೇನೆ ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಇನ್ನು ಮುಂದೆ ಈ ಪತ್ರದ ವಿಷಯದಲ್ಲಿ ತಾನು ಏನು ಹೇಳಿದರೂ ಅದಕ್ಕೆ ಎರಡು ಅರ್ಥ ಬರುತ್ತದೆ.

ಒಂದು ವಾರ ಕಳೆಯಿತು. ಕಂಪನಿಯಿಂದ ದಿನಾ ಫೋನು. ಪ್ರತಿಸಲವೂ ಬೇರೆ ದನಿ, ಆದರೆ ಕೇಳುವುದು ಸುಬ್ಬಮ್ಮನ ಪತ್ರವನ್ನು ಮಾತ್ರ. ನಜೀರ್ ಸಾಬರ ಪತ್ರದ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬುಧವಾರ ಬಂದ ಕರೆಯಲ್ಲಿ, "ಲೀಗಲ್ ಸೆಕ್ಷನ್ನಿಂದ ಮಾತಾಡ್ತಿರೋದು. ಇನ್ನೊಬ್ಬರ ಆಸ್ತಿ ಪತ್ರ ಇಟ್ಕೊಂಡ್ರೆ ಕಳ್ಳತನದ ಕೇಸ್ ಆಗುತ್ತೆ, ಗೊತ್ತಲ್ವಾ?" ಎಂದಿತು ಗಂಡಸಿನ ದನಿ. ಅರವತ್ತೆಂಟು ವರ್ಷದ ಮಾವ ಫೋನನ್ನು ಕಿವಿಯಿಂದ ತೆಗೆದು ಅದರ ಮುಖವನ್ನೇ ನೋಡುತ್ತಾ ನಿಂತರು.

"ಕೊಟ್ಟುಬಿಡೋಣ. ನನ್ನನ್ನ ಯಾರೂ ಇದುವರೆಗೆ ಕಳ್ಳ ಅಂದಿಲ್ಲ."

"ನಮ್ಮದು ಕೊಡೋವರೆಗೂ ಕೊಡೋದು ಬೇಡ," ಎಂದಳು ಸುಗ್ರಾ, ಬೀರುವಿನ ಬೀಗದ ಕೈಯನ್ನು ಸೆರಗಿನ ಗಂಟಿಗೆ ಬಿಗಿಯುತ್ತಾ. "ಅದೊಂದೇ ನಮ್ಮ ಕೈಯಲ್ಲಿರೋದು."

"ಅಮ್ಮಿ, ಅದು ಕಂಪನಿದೂ ಅಲ್ಲ, ನಮ್ಮದೂ ಅಲ್ಲ," ಎಂದಳು ಅತೀಯಾ. "ಯಾರದೋ ಅವರಿಗೆ ಕೊಡೋಣ. ನನ್ನ ಕಾಲೇಜಿನ ಪಕ್ಕದ ಊರೇ. ನಾಳೆ ಊಟದ ಹೊತ್ತಲ್ಲಿ ಹೋಗಿ ಹುಡುಕಿ ಬರ್ತೀನಿ."

ಸುಬ್ಬಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಾಲಿನ ಡೈರಿಯ ಹತ್ತಿರ ಕೇಳಿದ್ದಕ್ಕೆ, "ಟ್ಯಾಂಕರ್ ಮಹೇಂದ್ರನ ತಾಯಿನಾ? ನೀಲಿ ಗೇಟು," ಎಂದರು. ಗೇಟಿನೊಳಗೆ ಎರಡು ಸೀಮೆಹಸು, ಒಂದು ನೀರಿನ ಟ್ಯಾಂಕರು. ಸುಬ್ಬಮ್ಮ ಬೂಸಾ ಕಲಸುತ್ತಿದ್ದ ಕೈಯಲ್ಲೇ ಎದ್ದು ಬಂದಳು. ಅತೀಯಾ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಮಗ ಮಹೇಂದ್ರ ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು ನೋಡಿದ.

"ಇದು ನಿಮಗೆಲ್ಲಿ ಸಿಕ್ತು? ಯಾರ್ರೀ ನೀವು? ಬಸ್ಸಲ್ಲಿ ಸಿಕ್ತಾ?"

"ಬಸ್ಸಲ್ಲಿ? ಇಲ್ಲ. ಸಾಲದ ಕಂಪನಿಯವರು ನಮ್ಮ ಮಾವನಿಗೆ ಕೊಟ್ರು. ನಮ್ಮ ಹೆಸರಿನ ಲಕೋಟೆಯಲ್ಲಿ."

"ಸುಳ್ ಏಳ್ಬೇಡಿ. ಪೇಪರ್ರು ಬಸ್ಸಲ್ಲಿ ಕಳ್ದೋಗದೆ ಅಂತ ಪೊಲೀಸ್ ಕಂಪ್ಲೇಂಟೇ ಆಗದೆ."

"ಯಾವ ಬಸ್ಸೋ?" ಎಂದಳು ಸುಬ್ಬಮ್ಮ ಮಗನ ಕಡೆ ತಿರುಗಿ.

"ಅದೇ ಕಣಮ್ಮ, ಕಂಪನಿಯೋರು ಎಬ್ಬೆಟ್ಟು ಹಾಕ್ಸ್ಕೊಂಡ್ರಲ್ಲ."

"ಪತ್ರ ಸಿಕ್ತಿಲ್ಲ, ಕಾಪಿ ತೆಗೆಸ್ಕೊಡ್ತೀವಿ, ಅದಕ್ಕೆ ಎಬ್ಬೆಟ್ಟು ಅಂದ್ರು. ನಾನು ಒತ್ತಿದೆ. ಬಸ್ಸು ಎಲ್ಲಿಂದ ಬಂತು?"

ಮಹೇಂದ್ರ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದ. ಸ್ಟ್ಯಾಂಪ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಪ್ರಮಾಣಪತ್ರ. ಎಂಟು ಸಾವಿರ ರೂಪಾಯಿ ಖರ್ಚಿಗೆಂದು ತೆಗೆದುಕೊಂಡ ರಸೀದಿ. ಅವನಿಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ, ಬಸ್ಸು ಅನ್ನುವ ಪದವೊಂದು ಕಣ್ಣಿಗೆ ಬಿದ್ದಿತ್ತು ಅಷ್ಟೇ. ಅತೀಯಾ ನಿಂತಲ್ಲೇ ಕನ್ನಡ ಮಾಡಿ ಓದಿದಳು.

"ಸುಬ್ಬಮ್ಮ ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಕಂಪನಿಯಿಂದ ನನ್ನ ಎಲ್ಲಾ ಮೂಲ ಪತ್ರಗಳನ್ನು ಸುಸ್ಥಿತಿಯಲ್ಲಿ ಪಡೆದುಕೊಂಡು, ಹೆಬ್ಬಾಳದಿಂದ ಯಶವಂತಪುರಕ್ಕೆ ಸಿಟಿ ಬಸ್ಸಿನಲ್ಲಿ ಬರುವಾಗ, ಮತ್ತಿಕೆರೆಯ ಹತ್ತಿರ ಜನಸಂದಣಿಯಲ್ಲಿ, ನನ್ನ ಸ್ವಂತ ಅಜಾಗರೂಕತೆಯಿಂದ ಕಳೆದುಕೊಂಡಿದ್ದೇನೆ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ."

ಸುಬ್ಬಮ್ಮ ಬೂಸಾ ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಸೀರೆಗೆ ಗುರುತು ಬಿತ್ತು, ಅವಳಿಗೆ ಗೊತ್ತಾಗಲಿಲ್ಲ.

"ನಾನು ಏಳಿದ್ನಾ ಇಂಗೆ? ನಮ್ಮೆಜಮಾನ್ರು ಇಟ್ಟಿಗೆ ಇಟ್ಟಿಗೆ ಒತ್ತು ಕಟ್ಟಿದ ಮನೆ. ಅದರ ಪತ್ರನ ನಾನು ಬಸ್ಸಲ್ಲಿ ಬುಟ್ಟು ಬಂದೆ ಅಂತ ನನ್ ಕೈಲೇ ಒತ್ತಿಸ್ಕೊಂಡವ್ರಾ? ಲೋ ಮಹೇಂದ್ರ, ನಾನು ಮತ್ತಿಕೆರೆ ನೋಡೇ ಇಲ್ವಲ್ಲೋ!"

ಮಹೇಂದ್ರ ತಲೆ ತಗ್ಗಿಸಿದ. ಆಮೇಲೆ ಫೋನನ್ನು ಅತೀಯಾಳಿಗೆ ವಾಪಸ್ ಕೊಟ್ಟ, ಈ ಸಲ ಎರಡೂ ಕೈಯಲ್ಲಿ. "ತಪ್ಪು ತಿಳ್ಕೊಂಡೆ ಅಕ್ಕಾ. ಕೂತ್ಕೊಳ್ಳಿ. ಮಜ್ಜಿಗೆ ಕುಡೀರಿ."

ಭಾನುವಾರ ತಾಯಿ ಮಗ ಚಿಕ್ಕಬಾಣಾವರಕ್ಕೆ ಬಂದರು. ಸುಗ್ರಾ ಸೆರಗಿನ ಗಂಟು ಬಿಚ್ಚಲು ಸ್ವಲ್ಪ ಹೊತ್ತು ತೆಗೆದುಕೊಂಡಳು, ಆದರೆ ಬಿಚ್ಚಿದಳು. ಸುಬ್ಬಮ್ಮ ಕಾಗದಗಳನ್ನು ಓದಲಾರಳು. ಗಂಡನ ಸಹಿ ಇದ್ದ ಹಾಳೆ ಬಂದಾಗ ಮಾತ್ರ, "ಇದೇ, ಇದೇ," ಎಂದು ಬೆರಳಿಟ್ಟಳು. ಕೊಟ್ಟವರು, ಪಡೆದವರು, ಪಕ್ಕದ ಮನೆಯ ಇಬ್ಬರು ಸಾಕ್ಷಿಗಳು ಎಂದು ಅತೀಯಾ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದಳು. ಸುಬ್ಬಮ್ಮ ಹೆಬ್ಬೆರಳು ಚಾಚುವ ಮುಂಚೆ, "ಮೊದ್ಲು ಓದಿ ಏಳವ್ವ," ಎಂದಳು. ಅತೀಯಾ ಓದಿದಳು. "ಇನ್ನೊಂದ್ ಸಾರಿ," ಎಂದಳು. ಇನ್ನೊಂದು ಸಲ ಓದಿದಳು. ಆಮೇಲೆ ಒತ್ತಿದಳು.

ಸೋಮವಾರ ಮಾವ, ಸೊಸೆ, ತಾಯಿ, ಮಗ ನಾಲ್ವರೂ ಒಟ್ಟಿಗೆ ಹೆಬ್ಬಾಳದ ಆಫೀಸಿಗೆ ಹೋದರು. ಸುಬ್ಬಮ್ಮನನ್ನು ಕಂಡು ಪದ್ಮಶ್ರೀ ಎದ್ದು ನಿಂತಳು, ಮತ್ತೆ ಕೂತಳು.

"ಅಮ್ಮ, ನಿಮ್ಮ ಪೇಪರ್ಸ್ ಸಿಕ್ತಲ್ಲ, ಒಳ್ಳೇದಾಯ್ತು," ಎಂದಳು.

"ಸಿಕ್ಕಿದ್ದಲ್ಲ ಕಣವ್ವ, ಇವ್ರು ತಂದ್ಕೊಟ್ಟಿದ್ದು. ನನ್ನ ಎಂಟು ಸಾವ್ರ ಕೊಡು. ನನ್ನ ಎಬ್ಬೆಟ್ಟು ವಾಪಸ್ ಕೊಡು."

"ಅದೆಲ್ಲ ಆಮೇಲೆ ಮಾತಾಡೋಣ." ಪದ್ಮಶ್ರೀ ನಜೀರ್ ಸಾಬರ ಕಡೆ ತಿರುಗಿದಳು. ದನಿ ಇಳಿಸಿದಳು. "ಅಂಕಲ್, ನಿಮ್ಮ ಕೇಸ್ ನಾನೇ ಫಾಲೋ ಮಾಡಿದೆ. ಒಂದು ದಾರಿ ಇದೆ. ಇದಕ್ಕೆ ಸೈನ್ ಮಾಡಿ. ಹದಿನೈದು ದಿನದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಂದ ದೃಢೀಕೃತ ನಕಲು ತೆಗೆಸಿಕೊಡ್ತೀವಿ. ನಿಮಗೆ ಖರ್ಚೂ ಹಾಕಲ್ಲ."

ಡ್ರಾಯರ್ ಎಳೆದು ಒಂದು ಹಾಳೆ ತೆಗೆದಳು. ಅತೀಯಾ ಹಾಳೆಯನ್ನು ನೋಡಲಿಲ್ಲ, ಡ್ರಾಯರನ್ನು ನೋಡಿದಳು. ಒಳಗೆ ಅಂಥದೇ ಹಾಳೆಗಳ ಒಂದು ಕಟ್ಟು ಇತ್ತು, ಒಂದು ಅಂಗುಲ ದಪ್ಪ. ಮೇಲಿನ ಹಾಳೆಯಲ್ಲಿ ಹೆಸರಿನ ಜಾಗ ಖಾಲಿ. ಕೆಳಗೆ ಎಲ್ಲಾ ಟೈಪ್ ಆಗಿತ್ತು.

ಮಾವನ ಮುಂದಿದ್ದ ಹಾಳೆಯನ್ನು ಎಳೆದುಕೊಂಡು ಓದಿದಳು. ಹೆಬ್ಬಾಳದಿಂದ ಯಶವಂತಪುರಕ್ಕೆ. ಸಿಟಿ ಬಸ್ಸು. ಮತ್ತಿಕೆರೆಯ ಹತ್ತಿರ. ಜನಸಂದಣಿ. ಸ್ವಂತ ಅಜಾಗರೂಕತೆ.

"ಮೇಡಂ, ಇದೇ ಬಸ್ಸಲ್ಲಿ ಸುಬ್ಬಮ್ಮನವರೂ ಕಳ್ಕೊಂಡಿದ್ದಾರೆ."

ಪದ್ಮಶ್ರೀ ಡ್ರಾಯರ್ ಮುಚ್ಚಿದಳು.

"ನಾವು ಅವತ್ತು ಹೋಗಿದ್ದು ಆಟೋದಲ್ಲಿ," ಎಂದರು ನಜೀರ್ ಸಾಬರು, ಅದನ್ನೊಂದು ತಿದ್ದಿದರೆ ಸಾಕು ಎಂಬಂತೆ.

"ಅದು ಬರೀ ಫಾರ್ಮ್ಯಾಟ್ ಅಂಕಲ್. ಎಲ್ಲರೂ ಮಾಡ್ತಾರೆ."

"ಎಲ್ರೂ ಅಂದ್ರೆ ಎಷ್ಟು ಜನ?" ಎಂದ ಮಹೇಂದ್ರ. "ಒಂದು ಬಸ್ಸಿಗೆ ಎಷ್ಟು ಮನೆ ಇಡಿಸ್ತದೆ ಮೇಡಂ?"

ಪದ್ಮಶ್ರೀಯ ಕಣ್ಣು ಒಮ್ಮೆ ಹಿಂದಿದ್ದ ಗಾಜಿನ ಕೋಣೆಯ ಕಡೆ ಹೋಯಿತು. ಅಲ್ಲಿ ಒಬ್ಬ ಟೈ ಕಟ್ಟಿದವನು ಇವರನ್ನೇ ನೋಡುತ್ತಿದ್ದ. "ಸೈನ್ ಮಾಡೋದು ಬಿಡೋದು ನಿಮ್ಮಿಷ್ಟ," ಎಂದಳು. "ಶುಕ್ರವಾರದವರೆಗೆ ಟೈಮ್ ಇದೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ. ನೀವು ತಗೊಂಡಿದೀರ ಅಂತ ನಿಮ್ಮ ಸಹಿ ನಮ್ಮ ಹತ್ರ ಇದೆ."

ಮರುದಿನ ಕಾಲೇಜಿನ ಕಂಪ್ಯೂಟರಿನಲ್ಲಿ ಅತೀಯಾ ಬ್ಯಾಂಕುಗಳ ಮೇಲಿನ ಬ್ಯಾಂಕಿನ ನಿಯಮವನ್ನು ಹುಡುಕಿ ಓದಿದಳು. ಸಾಲ ತೀರಿದ ಮೂವತ್ತು ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ತಡವಾದರೆ ದಿನಕ್ಕೆ ಐದು ಸಾವಿರ ರೂಪಾಯಿ ಸಾಲಗಾರನಿಗೆ ಕೊಡಬೇಕು. ಪತ್ರ ಕಳೆದಿದ್ದರೆ ನಕಲಿನ ಖರ್ಚೂ ಕಂಪನಿಯದೇ. ಅವಳು ಪರದೆಯ ಮೇಲಿನ ಆ ಸಾಲನ್ನು ಮೂರು ಸಲ ಓದಿದಳು. ಸಾಲಗಾರನೇ ಬಸ್ಸಿನಲ್ಲಿ ಕಳೆದಿದ್ದರೆ ಮಾತ್ರ ಕಂಪನಿ ಏನೂ ಕೊಡಬೇಕಾಗಿಲ್ಲ. ಅದಕ್ಕಾಗಿ ಒಂದು ಅಂಗುಲ ದಪ್ಪದ ಕಟ್ಟು.

ಮನೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಬೆರಗಾದರು, ಆದರೆ ಬೆರಗು ಒಂದು ರಾತ್ರಿ ಮಾತ್ರ ಉಳಿಯಿತು. ಬೆಳಗಾಗುವಷ್ಟರಲ್ಲಿ ಅಫ್ರೀನ್ ಲೆಕ್ಕ ಹಾಕಿಟ್ಟಿದ್ದಳು.

"ದೂರು ಕೊಟ್ರೆ ಎಷ್ಟು ದಿನ ಆಗುತ್ತೆ ಭಾಭಿ?"

"ಮೊದಲು ಕಂಪನಿಗೆ ಬರೀಬೇಕು. ಮೂವತ್ತು ದಿನ ಕಾಯಬೇಕು. ಆಮೇಲೆ ಮೇಲಿನವರಿಗೆ. ಆರು ತಿಂಗಳಾಗಬಹುದು, ವರ್ಷವೂ ಆಗಬಹುದು."

"ಸಹಿ ಮಾಡಿದ್ರೆ ಹದಿನೈದು ದಿನ."

"ಹೌದು."

"ಅಬ್ಬಾ, ಸಹಿ ಮಾಡಿಬಿಡಿ. ಬಸ್ಸಾದ್ರೇನು, ಆಟೋ ಆದ್ರೇನು? ಯಾರ ತಲೆ ಹೋಗುತ್ತೆ? ನೀವು ಹಜ್‌ಗೆ ಹೋಗಿ ಬರೋದರೊಳಗೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಾನು ಯಾರ ಮುಂದೆ ನಿಲ್ಲಲಿ?"

"ತಂದೆ ಬದುಕಿರೋವಾಗಲೇ ಹೀಗೆ ಮಾತಾಡ್ತೀಯಲ್ಲೇ," ಎಂದಳು ಸುಗ್ರಾ. ಆದರೆ ಗಂಡನ ಕಡೆ ತಿರುಗಿ, "ಮಾಡಿಬಿಡಿ ಅತ್ಲಾಗೆ. ಕಾಗದದ ಮೇಲಿನ ಸುಳ್ಳು ತಾನೇ," ಎಂದಳು.

ನಜೀರ್ ಸಾಬರು ತಸ್ಬೀಹ್‌ನ ಮಣಿ ಎಣಿಸುವುದನ್ನು ನಿಲ್ಲಿಸಿದರು. "ಅದು ಕಾಗದ ಅಲ್ಲ ಸುಗ್ರಾ. ಪ್ರಮಾಣ ಮಾಡಿ ಹೇಳ್ತೀನಿ ಅಂತ ಬರೆದಿದ್ದಾರೆ. ಸುಳ್ಳು ಕಸಮ್ ತಿಂದ ಬಾಯಲ್ಲಿ ನಾನು ಕಾಬಾದ ಮುಂದೆ ನಿಂತು ಏನು ಕೇಳ್ಲಿ?"

"ಹಾಗಾದ್ರೆ ನನ್ನ ಗತಿ?" ಅಫ್ರೀನ್ ಅತ್ತುಬಿಟ್ಟಳು. "ಭಾಯ್‌ಗೆ ಇದೇ ಬೇಕಾಗಿತ್ತು. ಭಾಭಿಗೂ ಇದೇ ಬೇಕಾಗಿತ್ತು. ನಿಯಮ ಓದಿ ಹೇಳ್ತಾರೆ, ನಿಯಮ! ಮೇಲಿನ ಮನೆ ಬಿಡೋಕೆ ಮನಸ್ಸಿಲ್ಲ ಅನ್ನಲಿ ನೇರವಾಗಿ."

ಮುಬಶ್ಶಿರ್ ಎದ್ದ. ಅತೀಯಾ ಅವನ ತೋಳು ಹಿಡಿದು ಕೂರಿಸಿದಳು. ನಾದಿನಿ ಹೇಳಿದ್ದರಲ್ಲಿ ಒಂದು ಎಳೆ ನಿಜವಿತ್ತು. ಮೇಲಿನ ಮನೆಯ ಅಡಿಗೆಕೋಣೆಯ ಕಿಟಕಿ, ಅಲ್ಲಿಂದ ಕಾಣುವ ರೈಲುಗಳು, ಅವಳೇ ಬಣ್ಣ ಆರಿಸಿದ ಗೋಡೆಗಳು. ಪತ್ರ ಸಿಗದಿದ್ದರೆ ಅದೆಲ್ಲ ಇನ್ನೂ ಒಂದು ವರ್ಷ ಉಳಿಯುತ್ತದೆ ಎಂದು ಅವಳ ಮನಸ್ಸು ಒಂದು ಸಲ ಎಣಿಸಿತ್ತು. ಒಂದೇ ಸಲ.

ಇದಕ್ಕೆ ತನಗೆ ಹೊಳೆದ ಒಂದು ದಾರಿಯ ಮಾತನ್ನು ಅವಳು ಎರಡು ದಿನ ಒಳಗೇ ಇಟ್ಟುಕೊಂಡು ಓಡಾಡಿದಳು. ತೊಗರಿಬೇಳೆ ಆರಿಸುವಾಗ, ಬಸ್ಸಿನಲ್ಲಿ, ಕಾಲೇಜಿನ ಫೀಸು ರಸೀದಿ ಬರೆಯುವಾಗ. ಒಂದು ಸಲ ಆಡಿದರೆ ಹಿಂದಕ್ಕೆ ತೆಗೆದುಕೊಳ್ಳುವಂಥ ಮಾತಲ್ಲ ಅದು. ಗುರುವಾರ ಸಂಜೆ ಗಂಡನಿಗೆ ಹೇಳಿದಳು. ಅವನು ಎದ್ದು ಕಿಟಕಿಯ ಬಾಗಿಲು ಹಾಕಿದ. "ಅಬ್ಬಾನ ಸುಳ್ಳು ಕಸಮ್ ಮೇಲೆ ನಾನು ಮಲಗೋಕಾಗಲ್ಲ. ಹೇಳು ಹೋಗು," ಎಂದ. ರಾತ್ರಿ ದಸ್ತರ್‌ಖಾನ್ ಮಡಿಸುವ ಮುಂಚೆ ಅವಳು ಹೇಳಿದಳು.

"ಅಬ್ಬಾ, ನಮ್ಮ ತವರಲ್ಲಿ ನಮ್ಮ ಅಜ್ಜಿಗೆ ಮನೆ ಬಂದಿದ್ದು ಬಾಯಿಮಾತಿನ ದಾನದಲ್ಲಿ, ಹಿಬಾದಲ್ಲಿ. ಸ್ಟ್ಯಾಂಪ್ ಪೇಪರ್ ಇರಲಿಲ್ಲ. ಮೌಲಾನಾ ಸಾಬರನ್ನ ನಾನು ನಿನ್ನೆ ಕೇಳಿಸಿದೆ. ಕೊಟ್ಟೆ ಅನ್ನಬೇಕು, ತಗೊಂಡೆ ಅನ್ನಬೇಕು, ಸಾಕ್ಷಿಗಳ ಮುಂದೆ ಮನೆ ಬಿಟ್ಟುಕೊಡಬೇಕು. ಅಷ್ಟಾದ್ರೆ ಆಯ್ತಂತೆ. ಮೂಲ ಪತ್ರ ಬಂದಾಗ ನೋಂದಣಿ ಮಾಡಿಸೋಣ."

"ಬಿಟ್ಟುಕೊಡೋದು ಅಂದ್ರೆ?" ಎಂದಳು ಸುಗ್ರಾ.

"ಅಂದ್ರೆ ನಾವು ಕೆಳಗೆ ಬರೋದು ಅಮ್ಮಿ. ನಾಳೆನೇ. ಹೆಸರಿಗೆ ಕೊಟ್ಟು ನಾವೇ ಇದ್ರೆ ಅದು ಕೊಟ್ಟಂಗಲ್ಲ."

ಅಫ್ರೀನ್ ಮಗಳನ್ನು ತೊಡೆಗೆ ಎಳೆದುಕೊಂಡಳು. ಸುಗ್ರಾ ಸೊಸೆಯ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, "ನೀನು ಒಪ್ಪಿದೆಯಾ?" ಎಂದಳು.

"ಒಪ್ಪಿದೆ ಅಂತಾನೇ ಇವಳು ಇಷ್ಟು ಧೈರ್ಯವಾಗಿ ಮಾತಾಡ್ತಿರೋದು," ಎಂದ ಮುಬಶ್ಶಿರ್. "ಹಾಲ್‌ನಲ್ಲಿ ಮಂಚ ಹಿಡಿಸುತ್ತಾ ಅಂತ ಅಳತೆ ಕೂಡ ತಗೊಂಡಿದ್ದಾಳೆ."

ಶುಕ್ರವಾರ ಜುಮಾ ನಮಾಜಿನ ನಂತರ ಮೌಲಾನಾ ಸಾಬರು, ಬೀದಿಯ ನಾಲ್ವರು ಹಿರಿಯರು, ಟ್ಯಾಂಕರ್ ನಿಲ್ಲಿಸಿ ಬಂದ ಮಹೇಂದ್ರ ಮತ್ತು ಸುಬ್ಬಮ್ಮ ಹಾಲಿನಲ್ಲಿ ಕೂತರು. ಅಷ್ಟರಲ್ಲಿ ಮೇಲಿನ ಮನೆ ಖಾಲಿಯಾಗಿತ್ತು. ಗ್ಯಾಸ್ ಒಲೆ, ಎರಡು ಟ್ರಂಕು, ಮಡಿಸಿದ ಹಾಸಿಗೆ ಮೆಟ್ಟಿಲ ಕೆಳಗೆ ಸಾಲಾಗಿದ್ದವು. ನಜೀರ್ ಸಾಬರು ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ಮೇಲಿನ ಮನೆ, ಅದರ ಬಾಗಿಲು, ನೀರು, ದಾರಿ ಎಲ್ಲಾ ನಿನಗೆ ಹಿಬಾ ಕೊಟ್ಟೆ ಬೇಟೀ."

"ತಗೊಂಡೆ ಅಬ್ಬಾ," ಎಂದಳು ಅಫ್ರೀನ್. ಕೇಳಿಸಲಿಲ್ಲವೆಂದು ಮೌಲಾನಾ ಸಾಬರು ಇನ್ನೊಮ್ಮೆ ಹೇಳಿಸಿದರು.

ಬೀಗದ ಕೈ ಕೊಟ್ಟದ್ದು ಅತೀಯಾ. ಬೆಳಿಗ್ಗೆಯಿಂದ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದರಿಂದ ಅದು ಬಿಸಿಯಾಗಿತ್ತು. ಅಫ್ರೀನ್ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಖಾಲಿ ಮನೆಯಲ್ಲಿ ಲುಬ್ನಾಳ ಹೆಜ್ಜೆ ಈ ಗೋಡೆಯಿಂದ ಆ ಗೋಡೆಗೆ ಓಡುವುದು ಕೆಳಗಿನವರಿಗೆ ಕೇಳಿಸುತ್ತಿತ್ತು. ಸುಗ್ರಾ ಅಡಿಗೆಮನೆಗೆ ಹೋಗಿ ತನ್ನ ತಾಮ್ರದ ಪಾತ್ರೆಗಳನ್ನೆಲ್ಲ ಒಂದು ಶೆಲ್ಫಿನಿಂದ ಇಳಿಸಿ, "ಇದು ನಿನ್ನದು. ನಿನ್ನ ಡಬ್ಬಿಗಳನ್ನ ತಂದಿಡು," ಎಂದಳು ಸೊಸೆಗೆ. ಅಷ್ಟೇ ಹೇಳಿ ಅನ್ನ ಬಸಿಯಲು ತಿರುಗಿದಳು.

"ನಾಳೆ ಬಾಯಿಮಾತು ನಿಲ್ತದಾ ತಾಯಿ?" ಎಂದು ಸುಬ್ಬಮ್ಮ ಅತೀಯಾಳನ್ನು ಮೆಲ್ಲಗೆ ಕೇಳಿದಳು. "ನಮ್ಮ ಕಡೆ ಕಾಗದಾನೇ ನಿಲ್ತಿಲ್ಲ."

"ಗೊತ್ತಿಲ್ಲಮ್ಮ," ಎಂದಳು ಅತೀಯಾ. ಅದು ನಿಜವಾಗಿತ್ತು. "ನಂಗೂ ಭಯ ಇದೆ."

ಅವಳು ಕಂಪನಿಯ ಮೇಲಿನ ದೂರಿನ ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಮೊದಲ ಹೆಸರು ನಜೀರ್ ಅಹ್ಮದ್. ಎರಡನೆಯದು ಸುಬ್ಬಮ್ಮ. ಸುಳ್ಳು ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದನ್ನು ಬರೆದರೆ ತನ್ನ ತಾಯಿಯ ಮೇಲೇ ಕೇಸಾಗುತ್ತದೇನೋ ಎಂದು ಮಹೇಂದ್ರ ಹೆದರಿದ್ದ. ಸುಬ್ಬಮ್ಮನೇ, "ಒತ್ತಿದ್ದು ನಾನು, ಏಳೋಳೂ ನಾನೇ. ಬರಿಯವ್ವ," ಎಂದಿದ್ದಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅಫ್ರೀನ್ ಕೆಳಗಿಳಿದು ಬಂದಳು. ಅತ್ತ ಕಣ್ಣು, ಆದರೆ ಮುಖ ಬೇರೆಯಾಗಿತ್ತು. ಅತೀಯಾಳ ಮುಂದೆ ನೆಲದ ಮೇಲೆ ಕೂತಳು.

"ಭಾಭಿ, ಈಗ ಮೇಲಿನ ಮನೆ ನಂದು ತಾನೇ?"

"ನಿನ್ನದೇ."

"ಹಾಗಾದ್ರೆ ಅವರು ಕಳೆದಿರೋದು ನನ್ನ ಮನೆ ಪತ್ರ." ಅದನ್ನು ಈಗಷ್ಟೇ ಕಂಡುಕೊಂಡವಳ ಹಾಗೆ ಅವಳ ದನಿ ಏರಿತು. "ನನ್ನ ಮನೆ ಪತ್ರ ಕಳೆದು, ನನ್ನ ತಂದೆ ಕೈಯಲ್ಲಿ ಸುಳ್ಳು ಹೇಳಿಸೋಕೆ ಹೊರಟಿದ್ರು. ನಾನು ಹೇಳಿಸಿ ಅಂದೆ. ತೌಬಾ! ನನ್ನ ಹೆಸರೂ ಬರೀರಿ."

ಅತೀಯಾ ಮೂರನೇ ಸಾಲಿನಲ್ಲಿ ಬರೆದಳು. ಅಫ್ರೀನ್ ಪೆನ್ನು ಹಿಡಿದವಳು ಸಹಿ ಹಾಕುವ ಮುಂಚೆ ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಸಾಲನ್ನೂ ಓದಿದಳು.

ಟೀಪಾಯಿಯ ಮೇಲೆ ನಜೀರ್ ಸಾಬರ ಫೋನು ಹೊಡೆದುಕೊಂಡಿತು. ಕಂಪನಿಯ ನಂಬರು. ಶುಕ್ರವಾರದ ಗಡುವು. ಮಾವ ಕೈ ಚಾಚುವುದರೊಳಗೆ ಅಫ್ರೀನ್ ಎತ್ತಿಕೊಂಡು, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದಳು.

"ಅಂಕಲ್, ಆ ಸೈನ್ ವಿಷಯ ಏನ್ ಮಾಡಿದ್ರಿ?" ಎಂದಿತು ಪದ್ಮಶ್ರೀಯ ದನಿ.

"ಹೇಳಿ ಮೇಡಂ," ಎಂದಳು ಅಫ್ರೀನ್. "ಮನೆ ಯಜಮಾನಿ ಮಾತಾಡ್ತಿರೋದು."